ನಾನ್‌ಅಯಾನಿಕ್ ಸರ್ಫ್ಯಾಕ್ಟೆಂಟ್: ಬಳಕೆ ಮತ್ತು ದಾಸ್ತಾನಿನ ಮೀಮಾಂಸೆ

ವಿಷಯ

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕ, ಪೀಣ್ಯದಲ್ಲಿ ಲೋಹದ ಬಿಡಿಭಾಗ ತೊಳೆಯುವ ಕಾರ್ಖಾನೆ, ದೊಡ್ಡಬಳ್ಳಾಪುರದ ರೇಷ್ಮೆ ನೂಲಿನ ಬಣ್ಣದ ಮನೆ, ಕೀಟನಾಶಕ ಬೆರೆಸುವ ಕಂಪನಿ, ಪೇಂಟ್ ಫ್ಯಾಕ್ಟರಿ. ಇವಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಇವುಗಳ ಗೋದಾಮಿನೊಳಗೆ ಕಾಲಿಟ್ಟರೆ ಒಂದೇ ಜಾತಿಯ ಸರಕು ಕಾಣುತ್ತದೆ. ಸುಮಾರು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, ಒಳಗೆ ಬಣ್ಣವಿಲ್ಲದ ಅಥವಾ ತೆಳು ಹಳದಿಯ ಮಂದ ದ್ರವ. ಕೆಲಸಗಾರರು ಒಂದು ಕಡೆ ಅದನ್ನು ವೆಟ್ಟಿಂಗ್ ಆಯಿಲ್ ಅನ್ನುತ್ತಾರೆ, ಇನ್ನೊಂದು ಕಡೆ ಎಮಲ್ಸಿಫೈಯರ್ ಅನ್ನುತ್ತಾರೆ. ರಸಾಯನಶಾಸ್ತ್ರ ಅದನ್ನು ನಾನ್‌ಅಯಾನಿಕ್ ಸರ್ಫ್ಯಾಕ್ಟೆಂಟ್ ಎಂದು ಕರೆಯುತ್ತದೆ. ಇಲ್ಲಿನ ವಿಚಾರ ಅದರದ್ದೇ.

ಸಾಮಾನ್ಯ ಸೋಪನ್ನು ನೀರಿಗೆ ಹಾಕಿದರೆ ಅದರ ಅಣು ಎರಡಾಗಿ ಒಡೆದು, ಕೊಳೆ ಹಿಡಿಯುವ ಭಾಗ ಋಣ ವಿದ್ಯುದಂಶ ಹೊತ್ತುಕೊಳ್ಳುತ್ತದೆ. ನಾನ್‌ಅಯಾನಿಕ್ ಅಣು ಹಾಗೆ ಒಡೆಯುವುದಿಲ್ಲ, ವಿದ್ಯುದಂಶವನ್ನೂ ಹೊರುವುದಿಲ್ಲ. ಅದರ ಒಂದು ತುದಿ ಕೊಬ್ಬಿನಂಥ ಬಾಲ, ಅದಕ್ಕೆ ಎಣ್ಣೆಯ ಮೇಲೆ ಒಲವು. ಇನ್ನೊಂದು ತುದಿ ಎಥಿಲೀನ್ ಆಕ್ಸೈಡ್ ಘಟಕಗಳನ್ನು ಒಂದರ ಬೆನ್ನಿಗೆ ಒಂದು ಪೋಣಿಸಿ ಮಾಡಿದ ಸರಪಳಿ, ಅದಕ್ಕೆ ನೀರಿನ ಮೇಲೆ ಒಲವು. ಈ ಪೋಣಿಸುವ ವಿದ್ಯೆಯನ್ನು 1930ರ ಸುಮಾರಿಗೆ ಕೈಗಾರಿಕೆಗೆ ತಂದವರು ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಕಾನ್ರಾಡ್ ಶೋಲರ್ ಮತ್ತು ಮ್ಯಾಕ್ಸ್ ವಿಟ್ವರ್.

ಸರಪಳಿ ಎಷ್ಟು ಉದ್ದ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಲೆಕ್ಕಕ್ಕೆ ಇಳಿಸಿದವರು ವಿಲಿಯಂ ಗ್ರಿಫಿನ್. ಅವರು 1949ರಲ್ಲಿ ಕೊಟ್ಟ, ನೀರೊಲವು ಮತ್ತು ಎಣ್ಣೆಯೊಲವುಗಳ ಸಮತೋಲ ಹೇಳುವ ಎಚ್‌ಎಲ್‌ಬಿ ಅಂಕಿಯನ್ನು ಇವತ್ತಿಗೂ ಪ್ರತಿ ಡ್ರಮ್ಮಿನ ವಿವರಪತ್ರದಲ್ಲಿ ನೋಡಬಹುದು. ಲೆಕ್ಕ ಸುಲಭ. ಲಾರಿಲ್ ಆಲ್ಕೊಹಾಲಿನ ಅಣುಭಾರ 186. ಅದಕ್ಕೆ ಏಳು ಘಟಕ ಪೋಣಿಸಿದರೆ, ಒಂದೊಂದಕ್ಕೆ 44ರಂತೆ, 308 ಸೇರಿತು. ಒಟ್ಟು 494ರಲ್ಲಿ ಸರಪಳಿಯ ಪಾಲು ಶೇ 62ಕ್ಕಿಂತ ತುಸು ಹೆಚ್ಚು. ಅದನ್ನು ಐದರಿಂದ ಭಾಗಿಸಿದರೆ 12.5 ಬರುತ್ತದೆ, ಇದು ನೀರಿನಲ್ಲಿ ಕರಗಿ ಜಿಡ್ಡು ತೊಳೆಯುವ ಸರಕು. ಅದೇ ಬಾಲಕ್ಕೆ ಮೂರೇ ಘಟಕ ಹಾಕಿದರೆ ಅಂಕಿ 8ರ ಆಸುಪಾಸಿಗೆ ಇಳಿಯುತ್ತದೆ. ಅದು ಎಣ್ಣೆಯ ಕಡೆಗೆ ವಾಲಿದ ಬೇರೆಯೇ ಸರಕು.

ಸಂಶಯ

ಇಷ್ಟು ಸಾಧುವಾದ ವಸ್ತುವಿಗೆ ದಾಸ್ತಾನಿನ ಕಟ್ಟುಪಾಡು ಬೇಕೆ? ಬೇಕಾದರೆ ಅದು ಎಲ್ಲಿಂದ ಹುಟ್ಟಬೇಕು, ಕಾನೂನಿನ ಭಯದಿಂದಲೋ ವಸ್ತುವಿನ ಸ್ವಭಾವದಿಂದಲೋ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಸ್ತುವಿಗೆ ಗುಣ ಕೊಟ್ಟ ಸರಪಳಿಯೇ ಅದಕ್ಕೆ ದೋಷವನ್ನೂ ಕೊಟ್ಟಿದೆ. ಅದು ಏಕೆ ಕೆಲಸ ಮಾಡುತ್ತದೆ ಎಂದು ಬಲ್ಲವರಿಗೆ ಅದನ್ನು ಹೇಗೆ ಇಡಬೇಕೆಂದೂ ತಿಳಿಯುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಮೊದಲನೆಯದು ಪ್ರೊಡಕ್ಷನ್ ವಿಭಾಗದ ವಿದ್ಯೆ, ಎರಡನೆಯದು ಸ್ಟೋರ್ ಕೀಪರನ ತಲೆನೋವು. ತೊಂದರೆ ಶುರುವಾಗುವುದು ಈ ಎರಡರ ನಡುವಿನ ಗೋಡೆಯಿಂದ.

ಬಳಕೆ, ಸ್ವಭಾವದ ಜೊತೆಗೆ

ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಯಾಕೆ ನೊರೆ ಕೊಡುವುದಿಲ್ಲವೆಂದು ಅಲ್ಲಿನ ಗೃಹಿಣಿಯರನ್ನು ಕೇಳಬೇಕು. ನೀರಿನ ಕ್ಯಾಲ್ಸಿಯಂ ಸೋಪಿನ ಋಣ ಅಂಶವನ್ನು ಹಿಡಿದು ಕರಗದ ಗಸಿ ಮಾಡುತ್ತದೆ. ವಿದ್ಯುದಂಶವೇ ಇಲ್ಲದ ಅಣುವನ್ನು ಕ್ಯಾಲ್ಸಿಯಂ ಹಾಗೆ ಹಿಡಿಯಲಾರದು. ಬೇವಿನ ಎಣ್ಣೆಯನ್ನು ಸೋಪಿನಲ್ಲಿ ಕದಡಿ ಇಂಥ ನೀರಿಗೆ ಹಾಕಿದ ರೈತನಿಗೆ, ಸಿಂಪಡಿಸುವ ಕ್ಯಾನಿನೊಳಗೇ ಎಣ್ಣೆ ಬೇರೆಯಾಗಿ ಮೇಲೆ ತೇಲುವುದು ಗೊತ್ತು. ನಾನ್‌ಅಯಾನಿಕ್ ಎಮಲ್ಸಿಫೈಯರ್ ಹಾಕಿದರೆ ಹಾಲಿನ ಬಣ್ಣದ ದ್ರಾವಣ ಗಂಟೆಗಟ್ಟಲೆ ನಿಲ್ಲುತ್ತದೆ. ಮಾರುಕಟ್ಟೆಯ ಎಣ್ಣೆ ರೂಪದ ಕೀಟನಾಶಕಗಳಲ್ಲಿ ಬಹಳಷ್ಟು ಸಲ ಈ ಕೆಲಸ ಮಾಡುವುದು ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಪೋಣಿಸಿ ತಯಾರಿಸಿದ ಈಥಾಕ್ಸಿಲೇಟ್. ಹರಳೆಣ್ಣೆಯ ಉತ್ಪಾದನೆಯಲ್ಲಿ ಭಾರತವೇ ಜಗತ್ತಿಗೆ ಮೊದಲು. ಸರಪಳಿಯ ಎಥಿಲೀನ್ ಆಕ್ಸೈಡನ್ನು ಕಬ್ಬಿನ ಕಾಕಂಬಿಯ ಆಲ್ಕೊಹಾಲಿನಿಂದ ಮಾಡುವ ಕಾರ್ಖಾನೆಯೂ ಉತ್ತರಾಖಂಡದ ಕಾಶೀಪುರದಲ್ಲಿದೆ. ಇಡೀ ಅಣುವನ್ನು ಹೊಲದ ಬೆಳೆಯಿಂದಲೇ ಕಟ್ಟಲು ಬರುತ್ತದೆ ಎನ್ನುವುದನ್ನು ನಮ್ಮ ಕೃಷಿ ಚರ್ಚೆಗಳು ಇನ್ನೂ ಸರಿಯಾಗಿ ಗಮನಿಸಿಲ್ಲ.

ಜೀನ್ಸ್ ತೊಳೆಯುವಲ್ಲಿ ಇನ್ನೊಂದು ಗುಣ ಕೆಲಸಕ್ಕೆ ಬರುತ್ತದೆ. ಹೊಸ ಬಟ್ಟೆಗೆ ಹಳೆಯ ಮಾಸಲು ಕೊಡಲು ಸೆಲ್ಯುಲೇಸ್ ಎಂಬ ಕಿಣ್ವ ಹಾಕುತ್ತಾರೆ. ಅದು ನೂಲಿನ ಮೇಲ್ಪದರ ಕೆರೆದು ನೀಲಿಯನ್ನು ಬಿಡಿಸುತ್ತದೆ. ಬಿಟ್ಟ ನೀಲಿ ಸುಮ್ಮನಿರುವುದಿಲ್ಲ, ಒಳಜೇಬಿನ ಬಿಳಿ ಬಟ್ಟೆಗೆ ಹೋಗಿ ಅಂಟುತ್ತದೆ. ಅದನ್ನು ನೀರಿನಲ್ಲೇ ತೇಲಿಸಿ ಹಿಡಿಯಬೇಕು, ಕಿಣ್ವವನ್ನೂ ಕೆಡಿಸಬಾರದು. ವಿದ್ಯುದಂಶ ಹೊತ್ತ ಸರ್ಫ್ಯಾಕ್ಟೆಂಟುಗಳು ಕಿಣ್ವದ ಪ್ರೋಟೀನಿನ ಮಡಿಕೆಯನ್ನು ಬಿಚ್ಚಿಬಿಡುವ ಸಂಭವ ಹೆಚ್ಚು. ನಾನ್‌ಅಯಾನಿಕ್ ಹೆಚ್ಚಾಗಿ ಪ್ರೋಟೀನಿನ ತಂಟೆಗೆ ಹೋಗುವುದಿಲ್ಲ. ಕೋವಿಶೀಲ್ಡ್ ಲಸಿಕೆಯ ಶೀಶೆಯಲ್ಲಿ ಪಾಲಿಸಾರ್ಬೇಟ್ 80 ಸೇರಿದ್ದೂ ಈ ಸೌಮ್ಯತೆಯಿಂದಲೇ. ಅದು ಇದೇ ಕುಲದ ಸರಕು.

ಪೀಣ್ಯದ ಕಡೆಯ ಲೋಹ ತೊಳೆಯುವ ಯಂತ್ರದಲ್ಲಿ ಕಾಣುವುದು ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿ. ನೀರು ಕಾಯಿಸಿದಷ್ಟೂ ಸಕ್ಕರೆ ಚೆನ್ನಾಗಿ ಕರಗುತ್ತದೆ. ಈ ದ್ರಾವಣವನ್ನು ಕಾಯಿಸಿದರೆ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮೋಡ ಕವಿಯುತ್ತದೆ. ಸರಪಳಿಯ ಆಮ್ಲಜನಕಗಳನ್ನು ನೀರಿನ ಅಣುಗಳು ಸಡಿಲವಾಗಿ ಹಿಡಿದಿರುತ್ತವೆ. ಬಿಸಿ ಏರಿದಂತೆ ಆ ಹಿಡಿತ ಬಿಟ್ಟು, ಸರ್ಫ್ಯಾಕ್ಟೆಂಟ್ ಸಣ್ಣ ಹನಿಗಳಾಗಿ ಹೊರಬೀಳುತ್ತದೆ. ಆ ಉಷ್ಣತೆಗೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಒಂಬತ್ತು ಘಟಕದ ನೋನೈಲ್‌ಫಿನಾಲ್ ಸರಕಿಗೆ ಇದು 54 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜೋರಾಗಿ ಸಿಂಪಡಿಸಿ ತೊಳೆಯುವ ಯಂತ್ರವನ್ನು ಈ ಹಂತದ ಸ್ವಲ್ಪ ಮೇಲೆ ನಡೆಸಿದರೆ, ಹೊರಬಿದ್ದ ಹನಿಗಳೇ ನೊರೆಯನ್ನು ಒಡೆಯುತ್ತವೆ.

ಮೊದಲ ಪೂರ್ವಪಕ್ಷ: ಇದು ಸೋಪಿನ ಎಣ್ಣೆ, ಪೆಟ್ರೋಲ್ ಅಲ್ಲ

ಇದನ್ನು ಬಹಳ ಮಂದಿ ಮಾಲೀಕರು ಹೇಳುತ್ತಾರೆ. ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹಬೆಯಾಡುವುದಿಲ್ಲ, ಕೈಗೆ ತಾಗಿದರೆ ಸುಡುವುದಿಲ್ಲ. ಹಾಗಿದ್ದ ಮೇಲೆ ಅಂಗಳದಲ್ಲಿ ಇಟ್ಟರೇನು?

ಹೇಳಿದ ಮಾತುಗಳು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಕಣ್ಣಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಏಳು ಘಟಕದ ಲಾರಿಲ್ ಸರಕಿನ ಸುರಕ್ಷತಾ ಪತ್ರದಲ್ಲಿ ಕಣ್ಣಿಗೆ ಗಂಭೀರ ಹಾನಿ ಎಂಬ ಎಚ್ಚರಿಕೆ ಇರುತ್ತದೆ. ಡ್ರಮ್ಮಿನಿಂದ ಬಕೆಟ್ಟಿಗೆ ಬಗ್ಗಿಸುವಾಗ ಸಿಡಿದ ಹನಿ ಕಣ್ಣಿನ ಮೇಲ್ಪೊರೆಯ ಜಿಡ್ಡನ್ನೇ ತೊಳೆದುಬಿಡುತ್ತದೆ. ತಕ್ಷಣ ಕನಿಷ್ಠ 15 ನಿಮಿಷ ಧಾರಾಳ ನೀರಿನಲ್ಲಿ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಕನ್ನಡಕ ಕೊಡದೆ ಈ ಕೆಲಸಕ್ಕೆ ಯಾರನ್ನೂ ಹಚ್ಚಬಾರದು. ನೆಲಕ್ಕೆ ಚೆಲ್ಲಿದರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ಇನ್ನೂ ಸಾಮಾನ್ಯ. ಚೆಲ್ಲಿದ್ದಕ್ಕೆ ನೀರು ಹೊಯ್ಯುವುದು ಎಲ್ಲರ ಮೊದಲ ಯೋಚನೆ; ಅದರಿಂದ ಜಾರುವ ಜಾಗ ನಾಲ್ಕು ಪಟ್ಟಾಗುತ್ತದೆ. ಮರಳು ಅಥವಾ ಒಣ ಮಣ್ಣು ಸುರಿದು ಬಳಿದು ತೆಗೆಯಬೇಕು.

ಬೆಂಕಿಯ ಮಾತಿಗೆ ಉತ್ತರ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿದೆ. 1989ರ ಮಾರ್ಚಿನಲ್ಲಿ ಅಲ್ಲಿ ಎಥಿಲೀನ್ ಆಕ್ಸೈಡ್ ಬಟ್ಟಿ ಇಳಿಸುವ ಗೋಪುರ ಸ್ಫೋಟಿಸಿತು. ಕೂದಲೆಳೆಯಂಥ ಬಿರುಕಿನಿಂದ ಸೋರಿದ ಎಥಿಲೀನ್ ಆಕ್ಸೈಡ್ ಹೊರಗಿನ ಉಣ್ಣೆಯಂಥ ನಿರೋಧಕ ಹೊದಿಕೆಯಲ್ಲಿ ತೇವದೊಂದಿಗೆ ಸೇರಿ ಪಾಲಿಎಥಿಲೀನ್ ಗ್ಲೈಕೋಲ್ ಆಗಿತ್ತು. ದುರಸ್ತಿಗಾಗಿ ಹೊದಿಕೆಯ ತಗಡು ಬಿಚ್ಚಿದಾಗ ಗಾಳಿ ಹೊಕ್ಕು, ಆ ಗ್ಲೈಕೋಲ್ ತಾನಾಗಿ ಬಿಸಿಯೇರತೊಡಗಿತು. ಗಮನಿಸಿ: ಅಲ್ಲಿ ಮೊದಲು ಕಾವು ಏರಿದ್ದು ಎಥಿಲೀನ್ ಆಕ್ಸೈಡಿನಿಂದಲ್ಲ, ಸಾಧುವೆಂದು ಹೆಸರಾದ ಗ್ಲೈಕೋಲಿನಿಂದ. ನಮ್ಮ ಡ್ರಮ್ಮಿನ ಅಣುವಿನ ನೀರೊಲವಿನ ಸರಪಳಿ ಅದೇ ಗ್ಲೈಕೋಲಿನ ಸರಪಳಿ. ಡ್ರಮ್ಮಿನಲ್ಲಿ ಒಟ್ಟಾಗಿ ಇರುವಾಗ ಅದು ತಾನಾಗಿ ಹೊತ್ತುವುದಿಲ್ಲ. ಬಿಸಿ ಪೈಪಿನ ಹೊದಿಕೆಯಲ್ಲಿ, ಎಣ್ಣೆ ಒರೆಸಿದ ಬಟ್ಟೆಯ ರಾಶಿಯಲ್ಲಿ ತೆಳುವಾಗಿ ಹರಡಿದಾಗ ಗಾಳಿ ಎಲ್ಲ ಕಡೆಯಿಂದ ತಾಗುತ್ತದೆ, ಕಾವು ಹೊರಹೋಗಲು ದಾರಿಯಿರುವುದಿಲ್ಲ. ಹಾಗಾಗಿ ಪೈಪಿನ ಹೊದಿಕೆ ಜಿಡ್ಡಾಗಿದ್ದರೆ ಅದನ್ನು ಆ ವಾರವೇ ತೆಗೆಸಬೇಕು.

ಎರಡನೆಯ ಪೂರ್ವಪಕ್ಷ: ಎರಡು ವರ್ಷ ಬಾಳಿಕೆ ಎಂದು ಬರೆದಿದೆಯಲ್ಲ

ಬರೆದಿರುವುದು ಮುಚ್ಚಿದ ಮೂಲ ಡ್ರಮ್ಮಿಗೆ. ಬಿರಡೆ ತೆಗೆದು ಅರ್ಧ ಖಾಲಿ ಮಾಡಿದ ಡ್ರಮ್ಮಿನಲ್ಲಿ ಅರ್ಧದಷ್ಟು ಗಾಳಿ ತುಂಬಿಕೊಂಡಿರುತ್ತದೆ. ಆ ಗಾಳಿಯ ಆಮ್ಲಜನಕ ಸರಪಳಿಯ ಈಥರ್ ಕೊಂಡಿಗಳಿಗೆ ತಾಗಿ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅದು ಒಡೆದು ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲ ಆಗುತ್ತವೆ. ಬಣ್ಣ ಹಳದಿಯಿಂದ ಕಂದಿಗೆ ತಿರುಗುತ್ತದೆ, ವಾಸನೆ ಹುಳಿಯಾಗುತ್ತದೆ, ಪಿಎಚ್ ಇಳಿಯುತ್ತದೆ. ಬಿಸಿಲು ಈ ಕೆಲಸವನ್ನು ಬೇಗ ಮಾಡಿಸುತ್ತದೆ. ಕಬ್ಬಿಣ, ತಾಮ್ರದ ಅಂಶ ಸೇರಿದರೆ ಇನ್ನೂ ಬೇಗ. ದೊಡ್ಡ ತೊಟ್ಟಿಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ, ಹಿತ್ತಾಳೆಯ ನಲ್ಲಿ ಹಾಕಬೇಡಿ ಎನ್ನುವುದಕ್ಕೆ ಕಾರಣ ಇಷ್ಟೇ. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟ ಡ್ರಮ್ಮಿಗೂ ತಂಪಾದ ಕೋಣೆಯಲ್ಲಿ ಇಟ್ಟದ್ದಕ್ಕೂ ಒಂದೇ ಆಯುಷ್ಯ ಇರಲು ಸಾಧ್ಯವಿಲ್ಲ.

ನೀರಿನ ಕಾಟ ಇನ್ನೊಂದು ಬಗೆಯದು. ನಿಲ್ಲಿಸಿ ಇಟ್ಟ ಡ್ರಮ್ಮಿನ ತಲೆಯ ಮೇಲೆ ಅಂಚು ಎದ್ದಿರುವುದರಿಂದ ಮಳೆಯ ನೀರು ಅಲ್ಲೇ ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ಒಳಗಿನ ಗಾಳಿಯನ್ನು ಬಿರಡೆಯ ಸಂದಿನಿಂದ ಹೊರಗೆ ನೂಕುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿರಡೆ ಎಷ್ಟು ಬಿಗಿದರೂ ಮಳೆಗಾಲದ ಒಂದೆರಡು ವಾರ ಸಾಕು. ಹೊರಗಿಡುವುದು ಅನಿವಾರ್ಯವಾದರೆ ಡ್ರಮ್ಮನ್ನು ಮಲಗಿಸಿ, ಎರಡು ಬಿರಡೆಗಳೂ ಅಡ್ಡ ಗೆರೆಯಲ್ಲಿ ದ್ರವದ ಮಟ್ಟದ ಕೆಳಗೆ ಬರುವಂತೆ ಇಡಬೇಕು. ಒಳಹೊಕ್ಕ ನೀರು ಬರೀ ತೆಳುಮಾಡಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಅರ್ಧಕ್ಕರ್ಧದ ಆಸುಪಾಸಿನಲ್ಲಿ ನೀರು ಸೇರಿದಾಗ ಈ ಅಣುಗಳು ಒತ್ತಾಗಿ ಸಾಲುಗಟ್ಟಿ ಗಟ್ಟಿ ಜೆಲ್ಲಿಯಾಗುತ್ತವೆ. ಆ ಜೆಲ್ಲಿ ಪಂಪನ್ನು ಹಿಡಿಸುತ್ತದೆ, ಪೈಪು ಕಟ್ಟುತ್ತದೆ, ಮತ್ತಷ್ಟು ನೀರು ಹಾಕಿದರೂ ಗಂಟೆಗಟ್ಟಲೆ ಕರಗುವುದಿಲ್ಲ. ಆದ್ದರಿಂದಲೇ ದ್ರಾವಣ ಮಾಡುವಾಗ ಸರಕಿನ ಮೇಲೆ ನೀರು ಸುರಿಯುವುದಲ್ಲ, ತಿರುಗುತ್ತಿರುವ ಉಗುರುಬೆಚ್ಚಗಿನ ನೀರಿಗೆ ಸರಕನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಚಳಿಯನ್ನೂ ಹೇಳಬೇಕು. ಏಳು ಘಟಕ ಎನ್ನುವುದು ಸರಾಸರಿ. ಒಂದೇ ಡ್ರಮ್ಮಿನಲ್ಲಿ ಒಂದೂ ಪೋಣಿಸದ ಅಣುವಿನಿಂದ ಹಿಡಿದು ಹದಿನೈದು ಪೋಣಿಸಿದ್ದರವರೆಗೆ ಇರುತ್ತವೆ. ಬೀದರಿನ ಡಿಸೆಂಬರಿನಲ್ಲಿ ಗಟ್ಟಿಯಾಗುವ ಭಾಗ ತಳಕ್ಕೆ ಇಳಿದು ಕೂರುತ್ತದೆ. ಮೇಲಿನಿಂದ ತೆಗೆದವನಿಗೆ ಒಂದು ಸರಕು, ತಳದಿಂದ ತೆಗೆದವನಿಗೆ ಇನ್ನೊಂದು ಸರಕು ಸಿಗುತ್ತದೆ. ಬಣ್ಣ ಸರಿಯಾಗಿ ಕೂರಲಿಲ್ಲವೆಂದು ಬಣ್ಣದ ಕಂಪನಿಯನ್ನು ಬೈಯುವ ಮೊದಲು ಡ್ರಮ್ಮನ್ನು 35 ರಿಂದ 40 ಡಿಗ್ರಿಗೆ ಬೆಚ್ಚಗೆ ಮಾಡಿ, ಉರುಳಿಸಿ ನೋಡಿ. ಬೆಚ್ಚಗೆ ಮಾಡಲು ಬಿಸಿನೀರಿನ ತೊಟ್ಟಿ ಅಥವಾ ಬೆಚ್ಚನೆಯ ಕೋಣೆ ಸಾಕು. ಡ್ರಮ್ಮಿನ ಕೆಳಗೆ ಬೆಂಕಿ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಮೂರನೆಯ ಪೂರ್ವಪಕ್ಷ: ಇದೆಲ್ಲ ದೊಡ್ಡವರಿಗೆ, ಹತ್ತು ಡ್ರಮ್ಮಿನ ಘಟಕಕ್ಕಲ್ಲ

ಇದರಲ್ಲಿ ಅರ್ಧ ನ್ಯಾಯವಿದೆ. ತೊಟ್ಟಿಯ ಮೇಲೆ ನೈಟ್ರೋಜನ್ ತುಂಬಿಸುವ ವ್ಯವಸ್ಥೆ ಹತ್ತು ಡ್ರಮ್ಮಿನವರಿಗೆ ಬೇಕಿಲ್ಲ. ಅದು ಬಿಸಿಯಾಗಿ ಸಂಗ್ರಹಿಸುವ ದೊಡ್ಡ ತೊಟ್ಟಿಗಳ ಮಾತು. ಅಲ್ಲೂ ಅದರ ಅಪಾಯ ಅದಕ್ಕೇ ಇದೆ: ನೈಟ್ರೋಜನ್ ತುಂಬಿದ ತೊಟ್ಟಿಗೆ ಇಳಿದವನು ಉಸಿರುಕಟ್ಟಿ ಸಾಯುತ್ತಾನೆ, ಮುನ್ಸೂಚನೆಯೂ ಸಿಗುವುದಿಲ್ಲ. ಸರಕಿನಲ್ಲಿ ಉಳಿದ ಎಥಿಲೀನ್ ಆಕ್ಸೈಡಿನ ಅಲ್ಪಾಂಶ ತೊಟ್ಟಿಯ ಮೇಲ್ಭಾಗದಲ್ಲಿ ಕೂಡಿಕೊಳ್ಳಬಹುದು. ಅದು ಕ್ಯಾನ್ಸರ್ ತರುವುದೆಂದು ಖಚಿತಪಟ್ಟ ಅನಿಲ. ಗಾಳಿಯಾಡಿಸಿ ಅಳೆಯದೆ ಮ್ಯಾನ್‌ಹೋಲಿನೊಳಗೆ ತಲೆ ಹಾಕಬಾರದು.

ಸಣ್ಣ ಘಟಕಕ್ಕೆ ಬೇಕಾದುದಕ್ಕೆ ಹೆಚ್ಚು ಹಣ ಬೇಡ. ನೆರಳು, ಸೋರಿದರೆ ಹಿಡಿಯುವ ಕಟ್ಟೆ, ಮೊದಲು ಬಂದದ್ದು ಮೊದಲು ಖಾಲಿಯಾಗುವ ಸಾಲು, ತೆರೆದ ದಿನಾಂಕವನ್ನು ಡ್ರಮ್ಮಿನ ಮೇಲೆ ಬರೆಯುವ ಅಭ್ಯಾಸ. ಬ್ಲೀಚಿಂಗಿನ ಪೆರಾಕ್ಸೈಡ್ ಡಬ್ಬಿಗಳು ಪಕ್ಕದಲ್ಲಿ ಇರಕೂಡದು. ಪರೀಕ್ಷೆಯೂ ಅಗ್ಗದ್ದು. 100 ಮಿಲಿಲೀಟರ್ ಶುದ್ಧ ನೀರಿಗೆ ಒಂದು ಗ್ರಾಂ ಸರಕು ಕರಗಿಸಿ, ಗಾಜಿನ ಲೋಟದಲ್ಲಿ ಥರ್ಮಾಮೀಟರ್ ಇಟ್ಟು ನಿಧಾನವಾಗಿ ಕಾಯಿಸಿ. ತಿಳಿಯಾಗಿದ್ದ ದ್ರಾವಣದಲ್ಲಿ ಮೊದಲು ಸಣ್ಣ ನೀಲಿಛಾಯೆ, ಆಮೇಲೆ ಒಂದೆರಡು ಡಿಗ್ರಿಯೊಳಗೆ ಥರ್ಮಾಮೀಟರಿನ ಬುಡ ಕಾಣದಷ್ಟು ಬಿಳುಪು. ಇಳಿಸಿ ಆರಿಸಿದರೆ ಮತ್ತೆ ತಿಳಿ. ಆ ಅಂಕಿ ಸರಕು ಬಂದ ದಿನ ಬರೆದಿಟ್ಟುಕೊಂಡದ್ದಕ್ಕೆ ಹೊಂದದಿದ್ದರೆ ಒಳಗೆ ಏನೋ ಬದಲಾಗಿದೆ. ಜೊತೆಗೆ ಒಂದು ಪಿಎಚ್ ಕಾಗದ. ಈ ಎರಡನ್ನು ಮಾಡಲು ಕಾಲೇಜು ಓದಿದ ಕೆಮಿಸ್ಟ್ ಬೇಕಾಗಿಲ್ಲ.

ನಾಲ್ಕನೆಯ ಪೂರ್ವಪಕ್ಷ: ಅಂಟುವಾಳ, ಸೀಗೆಕಾಯಿ ಇರುವಾಗ ಇದೇಕೆ

ರೇಷ್ಮೆ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಒಗೆಯುವ ಮನೆಗಳು ಈಗಲೂ ಇವೆ, ಅವರ ಆಯ್ಕೆ ಸರಿಯಾದದ್ದು. ಅಂಟುವಾಳದ ಸಪೋನಿನ್‌ನಲ್ಲಿ ನೀರಿಗೆ ಒಲಿಯುವ ಭಾಗ ಸಕ್ಕರೆ. ಆ ದಾರಿಯನ್ನೇ ಹಿಡಿದು ಕೈಗಾರಿಕೆ ಕೊಬ್ಬಿನ ಆಲ್ಕೊಹಾಲಿಗೆ ಗ್ಲೂಕೋಸ್ ಜೋಡಿಸಿ ಆಲ್ಕೈಲ್ ಪಾಲಿಗ್ಲೂಕೋಸೈಡ್ ಮಾಡುತ್ತದೆ. ಎಥಿಲೀನ್ ಆಕ್ಸೈಡ್ ಬೇಕಿಲ್ಲದ, ಬೇಗ ಕೊಳೆಯುವ ಈ ಸರಕು ಹೆಚ್ಚಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಇದರಿಂದ ದಾಸ್ತಾನಿನ ಚಿಂತೆ ತಪ್ಪಿತು ಎನ್ನುವುದು ಸರಿಯಲ್ಲ. ಅಂಟುವಾಳದ ಕಷಾಯ ಕೆಲವೇ ದಿನಕ್ಕೆ ಹುಳಿಯುತ್ತದೆ. ಸಕ್ಕರೆಯ ಸರ್ಫ್ಯಾಕ್ಟೆಂಟಿನ ದ್ರಾವಣಕ್ಕೂ ಬೂಸ್ಟು ಹಿಡಿಯುವುದರಿಂದ ಅದನ್ನು ಪಿಎಚ್ 11.5ಕ್ಕೂ ಮೇಲೆ ತೀವ್ರ ಕ್ಷಾರವಾಗಿಟ್ಟು ಮಾರುತ್ತಾರೆ. ನೈಸರ್ಗಿಕ ಎಂಬ ಚೀಟಿ ನೋಡಿ ಬರಿಗೈ ಹಾಕಿದವರ ಚರ್ಮ ಸುಡುತ್ತದೆ.

ಐದನೆಯ ಪೂರ್ವಪಕ್ಷ: ಹಾಗಾದರೆ ಪೂರ್ತಿ ನಿಷೇಧಿಸಿ

ಒಂದು ಕವಲನ್ನು ನಿಷೇಧಿಸಲೇಬೇಕು. ನೋನೈಲ್‌ಫಿನಾಲ್ ಈಥಾಕ್ಸಿಲೇಟಿನ ಸರಪಳಿ ಹೊಳೆಯಲ್ಲಿ ಸವೆದುಹೋಗಿ, ಕೊನೆಗೆ ಉಳಿಯುವ ನೋನೈಲ್‌ಫಿನಾಲ್ ಜೀವಿಗಳ ದೇಹದಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಅನುಕರಿಸುತ್ತದೆ. ಯುರೋಪ್ ಒಕ್ಕೂಟ 2003ರಲ್ಲೇ ಇದರ ಬಹುಪಾಲು ಬಳಕೆಗೆ ಶೇ 0.1ರ ಮಿತಿ ಹಾಕಿತು. 2021ರ ಫೆಬ್ರವರಿಯಿಂದ ತೊಳೆಯಬಹುದಾದ ಬಟ್ಟೆಗಳಲ್ಲೂ ತೂಕದ ಶೇ 0.01ನ್ನು ಮೀರುವಂತಿಲ್ಲ. ಅಲ್ಲಿಗೆ ಬಟ್ಟೆ ಕಳಿಸುವ ನಮ್ಮ ಘಟಕಗಳು ಬದಲಾಗಿವೆ. ನಮ್ಮವರೇ ತೊಡುವ ಬಟ್ಟೆ ತೊಳೆಯುವವರು ಬದಲಾಗಲು ಪರದೇಶದ ಗಿರಾಕಿಯ ಪತ್ರಕ್ಕಾಗಿ ಕಾಯಬೇಕೇ?

ಆದರೆ ಕುಲವನ್ನೇ ಹೊರಗಟ್ಟುವುದು ಅವಿವೇಕ. ನೇರ ಬಾಲದ ಕೊಬ್ಬಿನ ಆಲ್ಕೊಹಾಲಿನ ಸರಕುಗಳು ಸರಿಯಾಗಿ ನಡೆಯುವ ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಮುಗಿದುಹೋಗುತ್ತವೆ. ಸರಿಯಾಗಿ ನಡೆಯುವ ಎನ್ನುವ ಮಾತನ್ನು ಬೇಕೆಂದೇ ಸೇರಿಸಿದ್ದೇನೆ.

ಆರನೆಯದು: ನೊರೆಯೇ ಬಾರದ್ದು ಕೆರೆಗೇನು ಮಾಡೀತು

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, 2015ರಲ್ಲಿ ಅದಕ್ಕೆ ಬೆಂಕಿಯೂ ಹತ್ತಿದ ಮೇಲೆ ನೊರೆಯೇ ಮಾಲಿನ್ಯದ ಗುರುತು ಎಂಬ ನಂಬಿಕೆ ಬೇರೂರಿದೆ. ಕಡಿಮೆ ನೊರೆಯ ನಾನ್‌ಅಯಾನಿಕ್ ಬಳಸುವವರು ಇದರಿಂದ ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಳವಳ ತರುತ್ತದೆ. ಈ ಸರಕುಗಳಲ್ಲಿ ಹಲವು ಲೀಟರಿಗೆ ಒಂದರಿಂದ ಹತ್ತು ಮಿಲಿಗ್ರಾಂ ಇದ್ದರೂ ಮೀನು ಸಾಯುತ್ತದೆ. ಕಿವಿರಿನ ತೆಳು ಪೊರೆಗೆ ನೊರೆಯ ಲೆಕ್ಕವಿಲ್ಲ.

ಅಳತೆಯಲ್ಲೂ ಇದು ತಪ್ಪಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಡಿಟರ್ಜೆಂಟಿಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಹಾಕಿದೆ. ಅಳೆಯುವುದು ಮಿಥಿಲೀನ್ ಬ್ಲೂ ಎಂಬ ಬಣ್ಣದಿಂದ. ಆ ಬಣ್ಣದ ಧನ ಅಂಶ ಋಣ ವಿದ್ಯುದಂಶದ ಸರ್ಫ್ಯಾಕ್ಟೆಂಟನ್ನು ಮಾತ್ರ ಹಿಡಿಯುತ್ತದೆ. ವಿದ್ಯುದಂಶವಿಲ್ಲದ್ದು ಪರೀಕ್ಷಾ ವರದಿಯಲ್ಲಿ ಸೊನ್ನೆಯಾಗಿ ದಾಟಿಹೋಗುತ್ತದೆ. ಅದನ್ನು ಹಿಡಿಯಲು ಕೋಬಾಲ್ಟ್ ಥಯೋಸಯನೇಟ್ ವಿಧಾನ ಬಹಳ ಹಿಂದಿನಿಂದ ಇದೆ. ನಾನ್‌ಅಯಾನಿಕ್ ಬಳಸುವ ಘಟಕಗಳ ತ್ಯಾಜ್ಯನೀರು ಶುದ್ಧೀಕರಣ ಘಟಕದ (ಇಟಿಪಿ) ನೀರಿಗೆ ಆ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು.

ನಿರ್ಣಯ

ಎಥಿಲೀನ್ ಆಕ್ಸೈಡ್ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪಟ್ಟಿಯಲ್ಲಿದೆ, ಅದನ್ನು ಇಟ್ಟವರ ಮೇಲೆ ಸರ್ಕಾರದ ಕಣ್ಣಿರುತ್ತದೆ. ಅದರಿಂದ ತಯಾರಾದ ಸರ್ಫ್ಯಾಕ್ಟೆಂಟ್ ಗೋದಾಮಿಗೆ ಬಂದ ಮೇಲೆ ನೋಡಿಕೊಳ್ಳುವವರು ಕೆಲಸಗಾರರೇ. ಅವರಿಗೆ ಸುರಕ್ಷತಾ ಪತ್ರವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಚ್ಚಿಕೊಡುವುದು ಮಾಲೀಕರ ಕರ್ತವ್ಯ.

ಖಾಲಿ ಡ್ರಮ್ಮಿನ ಮಾತೊಂದು ಉಳಿದಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಪೀಪಾಯಿಗಳಿಗೆ ಪ್ರತ್ಯೇಕ ನಮೂದೇ ಇದೆ. ಹಾಗಿದ್ದೂ ನೀರಿನ ಬರ ಇರುವ ಊರುಗಳಲ್ಲಿ ನೀಲಿ ಡ್ರಮ್ಮು ಕುಡಿಯುವ ನೀರಿನ ಪಾತ್ರೆಯಾಗಿ ಮಾರಾಟವಾಗುತ್ತದೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಗೋಡೆ ಹೀರಿಕೊಂಡದ್ದನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡಬಹುದು. ಮಾಲೀಕರು ಖಾಲಿ ಡ್ರಮ್ಮನ್ನು ಅನುಮತಿ ಇರುವ ಮರುಬಳಕೆಯವರಿಗೆ ಮಾತ್ರ ಕೊಡಲಿ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ಒಳಗೆ ಮೊದಲು ಏನಿತ್ತೆಂದು ಗೊತ್ತಿಲ್ಲದ ಡ್ರಮ್ಮನ್ನು ಕುಡಿಯುವ ನೀರಿಗೆ ಕೊಳ್ಳಬೇಡಿ, ದನದ ಬಾನಿಗೂ ಬಳಸಬೇಡಿ.